ನಿಲ್ಲಿಸಿದ ಕೈಯೇ ಎತ್ತಬೇಕು

ಮೊದಲ ಪಾಳಿ ಮುಗಿದ ಸೈರನ್ನು ಕೂಗಿದ ಮೇಲೆ ಕೆಂಪುಗಲ್ಲು ಎಂಬ ಊರಿನ ಉಕ್ಕಿನ ಕಾರ್ಖಾನೆಯ ಕಾರ್ಮಿಕರ ಕಾಲೊನಿಯಲ್ಲಿ ಒಂದು ಮಗುವೂ ಮನೆಯೊಳಗೆ ಉಳಿಯುವುದಿಲ್ಲ. ಯಾರೂ ಹೇಳಿ ಕಳಿಸಬೇಕಾಗಿಲ್ಲ. ಚೆಂಡು, ಬ್ಯಾಟು, ಪೊಟ್ಟಣ ಕಟ್ಟಿದ ಮಂಡಕ್ಕಿ ಹಿಡಿದು ತಾವೇ ನೀರಿನ ಟ್ಯಾಂಕಿನ ಹಿಂದಿನ ಬಯಲಿಗೆ ಓಡುತ್ತವೆ. ಟಿವಿಗಳ ದನಿ ಏರುತ್ತದೆ, ಕಿಟಕಿಗಳು ಮುಚ್ಚುತ್ತವೆ. ಈ ಹೊತ್ತಿಗೆ ಅಲ್ಲಿಯ ಹೆಂಗಸರು ಇಟ್ಟ ಹೆಸರು ‘ಗೇಟು ಎತ್ತುವ ಹೊತ್ತು’. ಡ್ಯಾಮಿನ ಗೇಟು ಎತ್ತಿದರೆ ಕೆಳಗಿನವರು ಓಡಬೇಕು ಎನ್ನುವುದು ಆ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಗೊತ್ತು.

ಆ ದಿನ ಹುಲಿಗೆಮ್ಮ ತನ್ನ ಕಬ್ಬಿಣದ ಮಂಚದ ಮೇಲೆ ತಾನೇ ಹೋಗಿ ಮಲಗಿದಳು. ಪಕ್ಕದ ಮನೆಯ ಮುದುಕಿ ಖಾಜಾಬಿ ಹಳೆಯ ನೂಲಿನ ಸೀರೆಯನ್ನು ಸೀಳಿ ಅವಳ ಕೈಕಾಲುಗಳನ್ನು ಮಂಚದ ಕಾಲುಗಳಿಗೆ ಬಿಗಿಯತೊಡಗಿದಳು.

“ಇನ್ನೊಂದು ಗಂಟು ಹಾಕು ಖಾಜಾಬಿ. ಹೋದ ತಿಂಗಳಿನಂಗ ಆಗೋದು ಬ್ಯಾಡ.”

“ಆವಾಗ ಎಮ್ಮಿ ಕಟ್ಟೋ ಗಂಟು ಹಾಕಿದ್ದೆ. ಈಗ ಹೋರಿ ಕಟ್ಟೋದು. ಬಾಯಿ ತೆಗಿ.”

ಖಾಜಾಬಿ ಹಿಂಡಿದ ಟವೆಲ್ಲನ್ನು ಅವಳ ಹಲ್ಲುಗಳ ನಡುವೆ ತುರುಕಿದಳು. ಹೋದ ತಿಂಗಳು ಒಂದು ಸಂಜೆ ಬಲಗೈಯ ಗಂಟು ಸಡಿಲಾಗಿತ್ತು. ಮರೆತ ನೀರಿನ ಬಾಟಲಿಗೆಂದು ಒಳಗೆ ಬಂದ ಮಗಳು ಪಂಪಾವತಿಯ ಮೇಲೆ ಹುಲಿಗೆಮ್ಮ ಕೈಗೆ ಸಿಕ್ಕ ರೊಟ್ಟಿಹಂಚನ್ನು ಬೀಸಿದ್ದಳು. ಹುಡುಗಿಯ ಹುಬ್ಬು ಸೀಳಿ ಎಲುಬು ಕಂಡಿತ್ತು. ಎರಡು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು. ಇನ್ನಷ್ಟು ಬಲವಾಗಿ ಬಿದ್ದಿದ್ದರೆ ಮಗಳೇ ಹೋಗುತ್ತಿದ್ದಳು. ಆಮೇಲೆ ಶಾಲೆಯಲ್ಲಿ ಯಾರು ಕೇಳಿದರೂ ಪಂಪಿ, “ಬಿದ್ನಿ” ಅಂದಳು. ಮಗಳ ಆ ಒಂದು ಸುಳ್ಳು ಹುಲಿಗೆಮ್ಮನನ್ನು ಕ್ಯಾನ್ಸರಿನ ಕೀಮೋಗಿಂತ ಹೆಚ್ಚು ಸುಟ್ಟಿತ್ತು.

ಗೇಟು ಎದ್ದಿತು.

ಮೊದಲು ಬಂದದ್ದು ಬಾಯಲ್ಲಿ ತುಕ್ಕಿನ ರುಚಿ. ಮರುಕ್ಷಣ ಎಲುಬುಗಳ ಒಳಗೆ ಯಾರೋ ಕಾದ ಸಲಾಕೆ ತೂರಿ ತಿರುವಿದ ಹಾಗೆ. ಹೊಟ್ಟೆ ಒಳಗಿಂದ ಹೊರಗೆ ತಿರುಗಿತು. ಕೊಯ್ದು ತೆಗೆದ ಎಡಮೊಲೆ ಇಲ್ಲದ ಜಾಗದಲ್ಲಿ, ಇಲ್ಲದ ಮೊಲೆಯೇ ಉರಿಯತೊಡಗಿತು. ಮಂಚ ನೆಲದ ಮೇಲೆ ಕುಣಿಯಿತು. ಖಾಜಾಬಿ ಅವಳ ಎದೆಯ ಮೇಲೆ ಅಡ್ಡ ಬಿದ್ದು ಹಿಡಿದುಕೊಂಡಳು, ಹೆರಿಗೆಯಲ್ಲಿ ಹಿಡಿದ ಹಾಗೆ. ಈ ಹೆರಿಗೆಯಲ್ಲಿ ಮಾತ್ರ ಏನೂ ಹುಟ್ಟುತ್ತಿರಲಿಲ್ಲ.

ಇದಕ್ಕೆಲ್ಲ ಕಾರಣ ಕಂಪನಿ ಅವಳ ಮೈಯೊಳಗೆ ಇಟ್ಟ ಯಂತ್ರ. ಅದರ ಹೆಸರು ‘ಸಹನಾ’. ಹೆಸರಿಟ್ಟವರ ಬಾಯಿಗೆ ಮಣ್ಣು ಬೀಳಲಿ. ರೂಪಾಯಿ ಬಿಲ್ಲೆಯಷ್ಟು ಅಗಲ. ಕೊರಳೆಲುಬಿನ ಕೆಳಗೆ, ಕೀಮೋ ಔಷಧಿ ಹೋಗುವ ನಳಿಗೆಯ ಪಕ್ಕದಲ್ಲಿ ಚರ್ಮ ಸೀಳಿ ಕೂಡಿಸಿದ್ದರು. ಅದರಿಂದ ಒಂದು ತಂತಿ ಕುತ್ತಿಗೆಯ ನರಕ್ಕೆ ಹೋಗುತ್ತಿತ್ತು. ನೋವು, ವಾಂತಿ, ಸುಸ್ತು, ಉರಿ, ಇವು ಮೆದುಳಿಗೆ ಸುದ್ದಿ ಮುಟ್ಟಿಸುವ ಮುಂಚೆಯೇ ಬಿಲ್ಲೆ ಆ ಸುದ್ದಿಯನ್ನು ಹಿಡಿದಿಡುತ್ತಿತ್ತು. ಮೊದಲು ಮಾಡಿದ ಬಿಲ್ಲೆಗಳು ಸುದ್ದಿಯನ್ನು ಪೂರ್ತಿ ನುಂಗುತ್ತಿದ್ದವಂತೆ. ಅವುಗಳನ್ನು ತೊಟ್ಟವರು ನಗುನಗುತ್ತಾ ಕೆಲಸ ಮಾಡುತ್ತಲೇ ಎದೆ ನಿಂತು ಸತ್ತರಂತೆ. ದೇಹಕ್ಕೆ ತನ್ನ ನೋವು ತಿಳಿಯಲೇಬೇಕು, ಇಲ್ಲದಿದ್ದರೆ ಹೃದಯದ ಲಯ ತಪ್ಪುತ್ತದೆ. ಅದಕ್ಕೇ ಎರಡನೆಯ ಬಿಲ್ಲೆ ಬಂತು. ಪಾಳಿ ನಡೆಯುವಾಗ ಹಿಡಿದಿಡು, ಪಾಳಿ ಮುಗಿದ ಮೇಲೆ ಬಿಡು. ಕಾರ್ಖಾನೆ ಗೇಟಿನ ಹಾಜರಿ ಯಂತ್ರದಲ್ಲಿ ಹೊರಹೋಗುವ ಪಂಚ್ ಬಿದ್ದರೆ, ಮನೆ ಮುಟ್ಟುವಷ್ಟು ಹೊತ್ತು ತಡೆದು ಬಿಲ್ಲೆ ಬಾಯಿ ತೆರೆಯುತ್ತಿತ್ತು. ಒಮ್ಮೆ ತೆರೆದರೆ ಖಾಲಿಯಾಗುವ ತನಕ ಯಾರಿಂದಲೂ ಮುಚ್ಚಲಾಗದು.

ನೋವಿನ ಜೊತೆ ಹುಟ್ಟುವ ಸಿಟ್ಟೂ ಅದರಲ್ಲಿ ತುಂಬಿಕೊಳ್ಳುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅದನ್ನು ಹೆಂಗಸರು ತಮ್ಮ ಮಕ್ಕಳ ಮೈಮೇಲೆ ಕಲಿತರು.

ಕೆಂಪು ಧೂಳು, ಕಲ್ಲಿದ್ದಲು ಸುಡುವ ಕೋಕ್ ಒಲೆಗಳ ಹೊಗೆ ಕುಡಿದು ಕೆಂಪುಗಲ್ಲಿನ ಹೆಂಗಸರಿಗೆ ಎದೆಯ ಗಂಟು ಯಾಕೆ ಹೆಚ್ಚಾಯಿತು ಎಂದು ಕಂಪನಿ ಹುಡುಕಲಿಲ್ಲ. ಗಂಟು ಬಂದವರನ್ನು ಕೆಲಸದಲ್ಲಿ ಉಳಿಸಿಕೊಳ್ಳುವುದು ಹೇಗೆ ಎಂದು ಹುಡುಕಿತು. ಸಿಕ್ಕಿತು.

*

ಕ್ರೇನಿನ ಗೂಡಿನಲ್ಲಿ ಕುಳಿತ ಹುಲಿಗೆಮ್ಮ ಬೇರೆಯೇ ಹೆಂಗಸು. ಅಲ್ಲಿ ಅವಳಿಗೆ ಏನೂ ಆಗುತ್ತಿರಲಿಲ್ಲ. ಕೂದಲಿಲ್ಲದ ತಲೆಗೆ ಹೆಲ್ಮೆಟ್ಟು, ಉಗುರು ಕಪ್ಪಾದ ಬೆರಳುಗಳಿಗೆ ಕೈಗವಸು. ಕೆಳಗೆ ಕುಲುಮೆ. ಕೊಕ್ಕೆಗೆ ತೂಗುವ ಲೇಡಲ್ಲು, ಅಂದರೆ ಕರಗಿದ ಉಕ್ಕು ತುಂಬಿದ, ಮನೆಯಷ್ಟು ದೊಡ್ಡ ಬಾನಿ. ಅದನ್ನು ಅವಳು ತುಂಬಿದ ಹಾಲಿನ ಪಾತ್ರೆಯ ಹಾಗೆ ತುಳುಕದಂತೆ ಒಯ್ದು ಸ್ಟ್ಯಾಂಡಿನ ಮೇಲೆ ಇಡುತ್ತಿದ್ದಳು. ಕಾರ್ಖಾನೆಯ ಆ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ಕೆಳಗೆ ನಿಂತ ಸಿಗ್ನಲಿನ ಎರ‍್ರಿಸ್ವಾಮಿ ಕೈಯಲ್ಲಿ ತೋರಿಸಿದ್ದೇ ಮಾತು. ಬೆರಳು ಮೇಲೆ ಮಾಡಿ ಸುತ್ತಿದರೆ ಎತ್ತು. ಬೆರಳು ಕೆಳಗೆ ಮಾಡಿ ಸುತ್ತಿದರೆ ಇಳಿಸು. ಎರಡೂ ತೋಳು ಚಾಚಿ, ಅಂಗೈ ನೆಲಕ್ಕೆ ಮಾಡಿ, ಅಡ್ಡಡ್ಡ ಬೀಸಿದರೆ ನಿಲ್ಲಿಸು.

ಎತ್ತು, ಇಳಿಸು ಅನ್ನುವುದನ್ನು ಸಿಗ್ನಲಿನವನು ಮಾತ್ರ ತೋರಿಸಬೇಕು. ನಿಲ್ಲಿಸು ಅನ್ನುವುದನ್ನು ಯಾರು ಬೇಕಾದರೂ ತೋರಿಸಬಹುದು: ಕಸ ಗುಡಿಸುವವಳು, ಚಹಾ ತರುವವನು, ದಾರಿತಪ್ಪಿ ಬಂದವನು. ಯಾರು ತೋರಿಸಿದರೂ ಕ್ರೇನು ನಿಲ್ಲಲೇಬೇಕು. ಇದು ಕಂಪನಿಯ ನಿಯಮ. ಇದರ ಬೆನ್ನಿಗೆ ಕಾರ್ಮಿಕರದೇ ಒಂದು ನಿಯಮವಿತ್ತು. ಹಿಂದೊಮ್ಮೆ ಒಬ್ಬ ಕೂಲಿಯವನು ನಿಲ್ಲಿಸು ಅಂದದ್ದನ್ನು ಒಬ್ಬ ಸೂಪರ್‌ವೈಸರ್ ‘ಹೋಗಲಿ ಬಿಡು, ನಡೆಸು’ ಎಂದು ತಾನೇ ಎತ್ತಿಸಿದ. ಕೊಂಡಿ ಹರಿಯಿತು. ಕೆಳಗಿದ್ದ ಇಬ್ಬರ ಮೂಳೆಯೂ ಸಿಗಲಿಲ್ಲ. ಮನೆಯವರಿಗೆ ಕೊಟ್ಟದ್ದು ಅವರು ಬೆರೆತುಹೋದ ಉಕ್ಕಿನ ಎರಡು ತುಂಡು. ಅವುಗಳನ್ನು ಹೂತ ದಿನ ಮಸಣದಲ್ಲೇ ಎಲ್ಲರೂ ಕೈಮುಟ್ಟಿ ಆಣೆ ಮಾಡಿದರು. ನಿಲ್ಲಿಸಿದ ಕೈಯೇ ಎತ್ತಬೇಕು. ನಿಲ್ಲಿಸು ಅಂದವರೇ ಎತ್ತು ಅನ್ನುವ ತನಕ ಕ್ರೇನು ಅಲುಗಬಾರದು. ಆಮೇಲೆ ಯಾವ ಮ್ಯಾನೇಜರು ಬೊಬ್ಬೆ ಹೊಡೆದರೂ ಆ ಆಣೆ ಮುರಿದಿರಲಿಲ್ಲ.

ಪಂಪಿ ಚಿಕ್ಕವಳಿದ್ದಾಗ ಈ ಕೈಮಾತನ್ನು ಆಟವಾಗಿ ಕಲಿತಿದ್ದಳು. ತಾಯಿ ಅನ್ನ ಬಡಿಸುವಾಗ ಬೆರಳು ಕೆಳಗೆ ಸುತ್ತಿ ಇಳಿಸು ಅನ್ನುವಳು. ಸಾಕಾದಾಗ ಎರಡೂ ಕೈ ಬೀಸುವಳು. ಸೌಟು ಅಲ್ಲೇ ಗಾಳಿಯಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ, “ಯವ್ವಾ, ನಿನಗ ಲೈಸನ್ಸ್ ಯಾರು ಕೊಟ್ರು?” ಎಂದು ನಗುವಳು.

ಹಂಚು ಬಿದ್ದ ಮೇಲೆ ಆ ಆಟ ನಿಂತಿತ್ತು.

*

ಕಂಪನಿ ಆಸ್ಪತ್ರೆಯ ಡಾಕ್ಟರ್ ಶರ್ಮಿಷ್ಠಾ ಅವರ ಮಾತು ಮೆತ್ತಗೆ. ಬಿಲ್ಲೆಯ ಮೇಲೆ ಒಂದು ಕರಿ ಡಬ್ಬಿ ಹಿಡಿದು ಅದರ ಸಮಯ ಬದಲಿಸಿ ಹೇಳಿದರು: “ನಿಮಗೊಂದು ಒಳ್ಳೆಯ ಸುದ್ದಿ ಹುಲಿಗೆಮ್ಮ. ಇನ್ನು ದಿನಾ ಸಂಜೆ ಕಷ್ಟಪಡಬೇಕಾಗಿಲ್ಲ. ವಾರಕ್ಕೊಮ್ಮೆ ಸಾಕು. ಶನಿವಾರ ಮಧ್ಯಾಹ್ನ ಪಂಚ್ ಮಾಡಿದ ಮೇಲೆ ಶುರುವಾಗಿ ಭಾನುವಾರದ ಹೊತ್ತಿಗೆ ಮುಗಿಯುತ್ತದೆ. ವಾರವಿಡೀ ಆರಾಮ.”

“ವಾರದ್ದೆಲ್ಲಾ ಒಂದೇ ಸಲ ಬರ್ತೈತೇನ್ರಿ?”

“ಸ್ವಲ್ಪ ತೀವ್ರ ಇರಬಹುದು.”

“ಯಾಕ್ರಿ ಹಿಂಗ?”

ಉತ್ತರ ಕೊಟ್ಟದ್ದು ಮೂಲೆಯಲ್ಲಿ ಕುಳಿತಿದ್ದ ಕುಲುಮೆ ವಿಭಾಗದ ಮ್ಯಾನೇಜರ್ ತ್ರಿವಿಕ್ರಮ. “ಆರ್ಡರ್ ಜಾಸ್ತಿ ಬಂದಿದೆಯಮ್ಮ. ಡಬಲ್ ಡ್ಯೂಟಿ ಮಾಡಬೇಕಲ್ಲ? ದಿನಾ ನೀನು ಸಂಜೆ ಹಾಸಿಗೆ ಹಿಡಿದರೆ ಕ್ರೇನು ನಾನು ಓಡಿಸಲಾ?”

“ನೀವು ಓಡಿಸಿದ್ರ ಕೆಳಗಿದ್ದೋರು ಯಾರೂ ಉಳಿಯಾಂಗಿಲ್ಲ ಬಿಡ್ರಿ.” ಹುಲಿಗೆಮ್ಮ ಡಾಕ್ಟರ ಕಡೆಗೇ ತಿರುಗಿದಳು. “ಶನಿವಾರ ಭಾನುವಾರ ನನ್ನ ಮಗಳು ಮನಿಯಾಗ ಇರ್ತಾಳ್ರಿ. ಒಂದು ದಿನದ್ದಕ್ಕ ಅಕಿ ಹುಬ್ಬು ಒಡದೀನಿ. ವಾರದ್ದಕ್ಕ ಅಕಿನ್ನ ಕೊಂದ್ಗಿಂದ್ರ ಏನ್ ಗತಿ?”

“ಕಂಪನಿ ಹಾಸ್ಟೆಲ್ ಇದೆಯಲ್ಲ, ಅಲ್ಲಿ ಬಿಡಿ,” ಅಂದರು ಡಾಕ್ಟರು.

“ನಾನು ಬದುಕಬೇಕು ಅಂತ ಸೂಜಿ ಚುಚ್ಚಿಸ್ಕಳಾಕತ್ತಿರೋದು ಅಕಿಗಾಗಿ ರೀ. ಅಕಿನ್ನೇ ದೂರ ಇಟ್ಟು ಯಾರಿಗಂತ ಬದುಕಲಿ, ನಿಮ್ಮ ಉಕ್ಕಿಗೇನು?”

ತ್ರಿವಿಕ್ರಮ ಎದ್ದು ನಿಂತ. “ಬೇಡ ಅಂದರೆ ಬಿಲ್ಲೆ ತೆಗೆಸಿಕೋ. ಕೆಲಸಕ್ಕೆ ಬರದವರಿಗೆ ಕಂಪನಿ ಆಸ್ಪತ್ರೆಯಲ್ಲಿ ಕೀಮೋ ಇಲ್ಲ. ನಾಲ್ಕು ಸಲ ಬಾಕಿ ಇದೆ ಅಲ್ವಾ ನಿಂದು?”

ಅವಳು ಅಂಗಿಯ ಗುಂಡಿ ಹಾಕಿಕೊಂಡಳು. ಆ ಹೊತ್ತಿನಲ್ಲಿ ಅವಳಿಗೆ ಸಿಟ್ಟೂ ಬರಲಿಲ್ಲ. ಬಂದದ್ದನ್ನು ಬಿಲ್ಲೆ ನುಂಗಿ ಇಟ್ಟುಕೊಂಡಿತ್ತು.

*

ಶನಿವಾರ ಖಾಜಾಬಿ ಸೀರೆ ಬಿಟ್ಟು ನೈಲಾನ್ ಹಗ್ಗ ತಂದಳು. ಪಂಪಿಯ ಕೈಗೆ ಬುತ್ತಿ ಕೊಟ್ಟು, “ಬೇಟಿ, ನಾನು ಬಂದು ಕರಿಯೋತನಕ ಬಯಲು ಬಿಟ್ಟು ಬರಬ್ಯಾಡ” ಎಂದು ಅಟ್ಟಿದಳು.

ಗೇಟು ಎತ್ತಿದಾಗ ಮೊದಲು ಮುರಿದದ್ದು ಮಂಚ. ಬೆಸುಗೆ ಕಿತ್ತು ಕಾಲು ಕಳಚಿ ಬಂತು. ಕೈಗೆ ಕಟ್ಟಿದ ಹಗ್ಗದ ತುದಿಯಲ್ಲಿ ಆ ಕಬ್ಬಿಣದ ಕಾಲನ್ನು ಎಳೆದುಕೊಂಡೇ ಹುಲಿಗೆಮ್ಮ ಎದ್ದಳು. ಆರು ದಿನದ ವಾಂತಿ, ಆರು ದಿನದ ಉರಿ, ಆರು ದಿನದ ಅವಮಾನ ಒಂದೇ ಗಂಟಲಿನಿಂದ ಬರತೊಡಗಿತು. ಅಡ್ಡ ಬಂದ ಖಾಜಾಬಿಯನ್ನು ಅವಳು ಗೋಡೆಗೆ ಎಸೆದಳು. ಮುದುಕಿಯ ತೋಳು ಒಣ ಕಟ್ಟಿಗೆಯ ಸದ್ದು ಮಾಡಿ ಮುರಿಯಿತು. “ಯಾ ಅಲ್ಲಾ!” ಎಂಬ ಕೂಗು ಟಿವಿಗಳ ಗದ್ದಲವನ್ನು ಸೀಳಿ ಬಯಲಿನ ತನಕ ಹೋಯಿತು.

ಆ ಕೂಗು ಕೇಳಿ ಓಡಿ ಬಂದವಳು ಪಂಪಿ.

ಬಾಗಿಲಲ್ಲಿ ಏನೋ ಅಲುಗಿತು. ಹುಲಿಗೆಮ್ಮನ ಕಣ್ಣಿಗೆ ಅದು ಮಗಳಲ್ಲ, ತನ್ನ ಮತ್ತು ಬೆಳಕಿನ ನಡುವೆ ನಿಂತ ಒಂದು ಕರಿ ತುಂಡು. ಒಡೆಯಬೇಕು. ಒಡೆದರೆ ಇದು ನಿಲ್ಲುತ್ತದೆ. ಮಂಚದ ಕಾಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿದಳು.

“ಪಂಪೀ, ಓಡು!” ನೆಲದಿಂದ ಖಾಜಾಬಿ ಚೀರಿದಳು.

ಹುಡುಗಿ ಓಡಲಿಲ್ಲ. ಕಾಲು ಅಗಲಿಸಿ ನಿಂತು, ಎರಡೂ ತೋಳು ಚಾಚಿ, ಅಂಗೈ ನೆಲಕ್ಕೆ ಮಾಡಿ, ಅಡ್ಡಡ್ಡ ಬೀಸಿದಳು.

ಹುಲಿಗೆಮ್ಮನ ಕೈ ನಿಂತಿತು.

ಅವಳು ನಿಲ್ಲಿಸಲಿಲ್ಲ, ಕೈಯೇ ನಿಂತಿತು. ವರ್ಷಗಟ್ಟಲೆ ಆ ಸಂಜ್ಞೆ ಕಂಡ ಕೂಡಲೇ ನಿಲ್ಲುವುದನ್ನು ಕಲಿತ ಕೈ. ಬಿಲ್ಲೆಯ ತಂತಿ ಮುಟ್ಟದ ಆಳದಲ್ಲಿ ಎಲ್ಲೋ ಆ ಪಾಠ ಕೂತಿತ್ತು. ಕಬ್ಬಿಣ ಮಗಳ ನೆತ್ತಿಯ ಮೇಲೆ ಗಾಳಿಯಲ್ಲಿ ತೂಗಿತು. ತಾಯಿಯ ಮೂಗಿನಿಂದ ರಕ್ತ, ಬಾಯಿಂದ ನೊರೆ ಸುರಿಯುತ್ತಿತ್ತು. ತೋಳುಗಳು ಮಾತ್ರ ಅಲುಗಲಿಲ್ಲ. ಪಂಪಿ ಕೈ ಬೀಸುತ್ತಲೇ ಇದ್ದಳು, ಅಳುತ್ತಲೇ ಇದ್ದಳು. ಅಕ್ಕಪಕ್ಕದವರು ಬಂದು ಹುಲಿಗೆಮ್ಮನನ್ನು ಹಿಂದಿನಿಂದ ಹಿಡಿದು ಕೆಡವುವ ತನಕ ಆ ಹುಡುಗಿ ಕೈ ಇಳಿಸಲಿಲ್ಲ.

ಭಾನುವಾರ ಬೆಳಿಗ್ಗೆ ಬಿಲ್ಲೆ ಖಾಲಿಯಾಯಿತು. ಹುಲಿಗೆಮ್ಮ ಎದ್ದು ಕುಳಿತು, ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಬಂದಿದ್ದ ಖಾಜಾಬಿಯ ಕಾಲು ಮುಟ್ಟಿದಳು.

“ಕಾಲು ಬಿಡು, ಅದೊಂದಾದ್ರೂ ನೆಟ್ಟಗ ಇರ್ಲಿ,” ಅಂದಳು ಖಾಜಾಬಿ. ನಗಲು ಹೋಗಿ ಅತ್ತಳು. “ಹುಲಿಗೀ, ನಿನ್ನ ಗಂಡ ಹೋದಾಗ ನಿನ್ನನ್ನ ಹಿಡ್ಕಂಡೆ, ಆಪರೇಸನ್ನಾದಾಗ ಹಿಡ್ಕಂಡೆ. ಇದನ್ನ ಮಾತ್ರ ನನ್ನ ಕೈಲಿ ಹಿಡಿಯಾಕ ಆಗಲ್ಲ. ಇದು ನಮ್ಮ ನೋವಲ್ಲ, ಅವರದು. ಅವರ ಅಂಗಳದ ಕಸ ತಂದು ನಮ್ಮ ಒಲಿ ಮುಂದ ಸುರಿಯಾಕತ್ತಾರ.”

ಹುಲಿಗೆಮ್ಮ ಮಗಳ ಹುಬ್ಬಿನ ಕಲೆಯನ್ನೇ ನೋಡುತ್ತಿದ್ದಳು.

“ಹಂಗಾದ್ರ ಅವರ ಅಂಗಳಕ್ಕೇ ಸುರುವೋಣ,” ಅಂದಳು.

*

ಮುಂದಿನ ಶನಿವಾರ ಮಧ್ಯಾಹ್ನ, ಬಿಲ್ಲೆ ತೊಟ್ಟ ಹೆಂಗಸರು ಎಲ್ಲ ವಿಭಾಗಗಳಿಂದ ಬಂದು ಗೇಟಿನಲ್ಲಿ ಕೂಡಿದರು. ಕನ್ವೇಯರಿನವರು, ಕ್ಯಾಂಟೀನಿನವರು, ಪ್ರಯೋಗಾಲಯದ ಒಬ್ಬಳು. ತಲೆಗೆ ಸೆರಗು ಕಟ್ಟಿದವರು, ಟೋಪಿ ಹಾಕಿದವರು. ಒಬ್ಬೊಬ್ಬರಾಗಿ ಪಂಚ್ ಮಾಡಿದರು. ಯಂತ್ರ ‘ಧನ್ಯವಾದ’ ಎಂದಿತು. ಎಲ್ಲರೂ ತಿರುಗಿ ಒಳಗೆ ನಡೆದರು.

“ಏನ್ರವ್ವಾ, ಏನಾರ ಮರ್ತ್ರೇನು?” ಎಂದ ವಾಚ್‌ಮನ್.

“ಹೂಂನಪ್ಪಾ. ಈಗ ನೆನಪಾತು.”

ಕುಲುಮೆಯ ಅಂಗಳಕ್ಕೆ ಬಂದು ಹುಲಿಗೆಮ್ಮ ಮೇಲೆ ನೋಡಿದಳು. ಅವಳ ಗೂಡಿನಲ್ಲಿ ಮುಂದಿನ ಪಾಳಿಯ ಡ್ರೈವರ್ ಕುಳಿತಿದ್ದ. ತುಂಬಿದ ಲೇಡಲ್ಲು ಜನರ ನೆತ್ತಿಯ ಮೇಲೆ ಸಾಗುತ್ತಿತ್ತು. ಎದೆಯಲ್ಲಿ ಬಿಲ್ಲೆ ಬಿಸಿಯಾಗತೊಡಗಿದ್ದರೂ ಅವಳು ಕಾದಳು. ಲೇಡಲ್ಲು ಸ್ಟ್ಯಾಂಡಿನ ಮೇಲೆ ಕುಳಿತಿತು, ಕೊಕ್ಕೆ ಸಡಿಲಾಯಿತು. ಆಗ ನಡುವೆ ಹೋಗಿ ನಿಂತು ಎರಡೂ ತೋಳು ಚಾಚಿ ಬೀಸಿದಳು.

ಎರ‍್ರಿಸ್ವಾಮಿ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ತಾನೂ ತೋಳು ಚಾಚಿದ. ಅವನನ್ನು ಕಂಡು ಆಚೆಯ ಸಿಗ್ನಲಿನವನು, ಅವನನ್ನು ಕಂಡು ಮತ್ತೊಬ್ಬ. ಒಂದೊಂದೇ ಕ್ರೇನು ನಿಂತು, ಆ ಅಂಗಳ ಕಟ್ಟಿದ ದಿನದಿಂದ ಯಾರೂ ಕೇಳಿರದ ಒಂದು ಮೌನ ಬಂತು.

ಹೆಂಗಸರು ಮೆಟ್ಟಿಲು ಹತ್ತಿ ಗಾಜಿನ ಕಂಟ್ರೋಲ್ ರೂಮಿಗೆ ನುಗ್ಗಿದರು. ತಣ್ಣನೆಯ ಗಾಳಿ, ಸಾಲು ಪರದೆಗಳು, ಕೈಯಲ್ಲಿ ಕಾಫಿ ಹಿಡಿದ ತ್ರಿವಿಕ್ರಮ.

“ಏನಿದು? ಯಾರು ನಿಲ್ಲಿಸಿದ್ದು?”

“ನಾನೇ ರೀ,” ಅಂದಳು ಹುಲಿಗೆಮ್ಮ. “ಬಾಗಿಲು ಹಾಕ್ರಿ. ಗೇಟು ಎತ್ತೋ ಹೊತ್ತಾತು. ನಮ್ಮ ಕಾಲೊನ್ಯಾಗ ಈ ಹೊತ್ತಿಗೆ ಮಕ್ಕಳನ್ನ ಹೊರಗ ಕಳಿಸ್ತೀವಿ. ಇಲ್ಲಿ ಮಕ್ಕಳಿಲ್ಲ, ಅದೊಂದು ಪುಣ್ಯ.”

ಅವನು ಫೋನಿಗೆ ಕೈ ಹಾಕುವಷ್ಟರಲ್ಲಿ ಕ್ಯಾಂಟೀನಿನ ದೊಡ್ಡಕ್ಕ ಅವನ ಮೇಜಿನ ಮೇಲೆಯೇ ವಾಂತಿ ಮಾಡಿಕೊಂಡಳು. ಆಮೇಲೆ ತಡೆಯಿಲ್ಲ. ವಾರಪೂರ್ತಿ ನಗುತ್ತಾ ಕೆಲಸ ಮಾಡಿದ ಬಾಯಿಗಳೆಲ್ಲ ಒಟ್ಟಿಗೆ ತೆರೆದವು. ಕುರ್ಚಿ ಗಾಜನ್ನು ಒಡೆದು ಕೆಳಗೆ ಬಿತ್ತು. ಪರದೆಗಳು ಸಿಡಿದವು. ಕನ್ವೇಯರಿನ ಹುಡುಗಿ ಹಣೆಯನ್ನು ಕಪಾಟಿಗೆ ಗುದ್ದಿ ಗುದ್ದಿ ಕಬ್ಬಿಣಕ್ಕೆ ತಗ್ಗು ಮಾಡಿದಳು. ಹುಲಿಗೆಮ್ಮ ತ್ರಿವಿಕ್ರಮನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದಳು. ಅವನ ಮುಖದಿಂದ ಒಂದು ಗೇಣು ದೂರದಲ್ಲಿ ತನ್ನ ಮುಖ ಇಟ್ಟು, ಎಲುಬಿನೊಳಗೆ ಸಲಾಕೆ ತಿರುಗುವಾಗ ಮನುಷ್ಯರು ಹೇಗೆ ಕೂಗುತ್ತಾರೆ ಎಂಬುದನ್ನು ಪೂರ್ತಿ ಕೇಳಿಸಿದಳು. ಅವನ ಪ್ಯಾಂಟು ಒದ್ದೆಯಾಯಿತು.

ಡಾಕ್ಟರ್ ಶರ್ಮಿಷ್ಠಾ ಓಡಿ ಬಂದಾಗ ಎರ‍್ರಿಸ್ವಾಮಿ ಮತ್ತು ಅವನ ಹುಡುಗರು ಭಾರ ಎತ್ತುವ ದಪ್ಪ ಬೆಲ್ಟುಗಳಿಂದ ಹೆಂಗಸರನ್ನು ಮೆತ್ತಗೆ ಸುತ್ತಿ ಹಿಡಿದಿದ್ದರು. ತ್ರಿವಿಕ್ರಮ ಮೇಜಿನ ಕೆಳಗಿನಿಂದ ಚೀರಿದ: “ಆಫ್ ಮಾಡಿ ಅದನ್ನ!”

“ಆಗಲ್ಲ,” ಅಂದರು ಡಾಕ್ಟರ್. “ತೆರೆದ ಮೇಲೆ ಮುಚ್ಚಿದರೆ ಹೃದಯ ನಿಲ್ಲುತ್ತೆ.”

“ಮತ್ತೆ ಏನು ಮಾಡೋದು?”

“ಏನಿಲ್ರಿ,” ಹಲ್ಲುಗಳ ನಡುವಿಂದ ಹುಲಿಗೆಮ್ಮ ಹೇಳಿದಳು. “ಹಿಡ್ಕಂಬೇಕು. ಬರ್ರಿ ಡಾಕ್ಟರಮ್ಮ, ಹಿಡ್ಕಳ್ರಿ. ನಮ್ಮ ಖಾಜಾಬಿ ತೋಳು ಮುರ್ಕಂಡು ಕುಂತಾಳ.”

ಡಾಕ್ಟರು ಹಿಡಿದುಕೊಂಡರು. ಹುಲಿಗೆಮ್ಮನ ಮೊಣಕೈ ತಾಗಿ ಅವರ ತುಟಿ ಸೀಳಿತು. ಬಿಳಿ ಕೋಟು ಪಿತ್ತದಿಂದ ಹಳದಿಯಾಯಿತು. ಅವರು ಮತ್ತೆ ಹಿಡಿದರು. ಆ ರಾತ್ರಿಯೆಲ್ಲ ಅವರು ‘ಸ್ವಲ್ಪ ತೀವ್ರ’ ಎಂಬ ಮಾತು ಆಡಲಿಲ್ಲ.

ಕೆಳಗೆ ಲೇಡಲ್ಲಿನಲ್ಲಿ ಉಕ್ಕು ಬಿಳಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ತಿರುಗುತ್ತಿತ್ತು. ಗಟ್ಟಿಯಾದರೆ ಬಾನಿಯೂ ಹೋಯಿತು, ಉಕ್ಕೂ ಹೋಯಿತು. ಒಡೆದ ಗಾಜಿನ ಹತ್ತಿರ ನಿಂತು ತ್ರಿವಿಕ್ರಮ ಬೇಡಿಕೊಂಡ: “ಎರ‍್ರಿಸ್ವಾಮಿ, ಎತ್ತಿಸಪ್ಪ. ನಾನು ಹೇಳ್ತಿದೀನಿ, ಎತ್ತಿಸು.”

“ನಿಲ್ಲಿಸಿದ ಕೈಯೇ ಎತ್ತಬೇಕ್ರಿ ಸಾಹೇಬ್ರ. ನಿಮಗ ಗೊತ್ತಿಲ್ಲೇನು? ಆ ಇಬ್ಬರನ್ನ ಹೂತಿದ್ದು ಇಲ್ಲೇ, ಗೋಡಿ ಆಚೆ.”

ತ್ರಿವಿಕ್ರಮ ಹುಲಿಗೆಮ್ಮನ ಮುಂದೆ ಕುಕ್ಕರಿಸಿದ. “ಏನು ಬೇಕು ನಿಂಗೆ?”

“ನೋವು ಬಂದ ಹೊತ್ತಿಗೇ ಬರ್ಲಿ. ಬಂದಾಗ ಮಲಗಾಕ ಬಿಡ್ರಿ, ಕೂಲಿ ಕಡೀಬ್ಯಾಡ್ರಿ, ಔಷಧಿ ನಿಲ್ಲಿಸಬ್ಯಾಡ್ರಿ. ಎಲ್ಲರ ಎದಿಯಿಂದ ಇದನ್ನ ಕಿತ್ತು ತೆಗೀರಿ. ಅಷ್ಟ.”

“ಮೇಲಿನವರನ್ನ ಕೇಳಬೇಕು.”

“ಕೇಳ್ರಿ. ಉಕ್ಕು ಕಾಯ್ತೈತೇನು ನೋಡೋಣ.”

*

ಭಾನುವಾರ ಬೆಳಿಗ್ಗೆ ಬಿಸಿಲು ಬೀಳುವಾಗ ಬಿಲ್ಲೆ ಖಾಲಿಯಾಗಿತ್ತು. ಉಕ್ಕು ಕರಿಗಟ್ಟಿತ್ತು. ಮೇಲಿನವರು ಇನ್ನೂ ಏನೂ ಹೇಳಿರಲಿಲ್ಲ. ಹುಲಿಗೆಮ್ಮ ಬೆಲ್ಟು ಬಿಚ್ಚಿಸಿಕೊಂಡು, ತೋಳು ಎತ್ತದೆ, ಯಾವ ಸಂಜ್ಞೆಯನ್ನೂ ತೋರಿಸದೆ ಕಾಲೊನಿಗೆ ನಡೆದು ಬಂದಳು. ಹಿಂದೆ ಕಾರ್ಖಾನೆ ಹಾಗೆಯೇ ನಿಂತಿತ್ತು.

ಅವಳನ್ನು ಕಂಡ ಕೂಡಲೇ ಮಕ್ಕಳು ಅಭ್ಯಾಸದಂತೆ ಬಯಲಿನ ಕಡೆ ಓಡಿದವು. ಪಂಪಿ ಓಡಲಿಲ್ಲ. ಬಾಗಿಲಲ್ಲಿ ನಿಂತು ತಾಯಿಯ ಕಣ್ಣನ್ನು ನೋಡಿದಳು. ಆಮೇಲೆ ಒಂದು ಬೆರಳನ್ನು ಕೆಳಗೆ ಮಾಡಿ ಮೆಲ್ಲಗೆ ಸುತ್ತಿದಳು. ಇಳಿಸು.

ಹುಲಿಗೆಮ್ಮ ಹೊಸ್ತಿಲ ಮೇಲೆ ಕುಸಿದು, ಪಕ್ಕ ಬಂದು ಕುಳಿತ ಮಗಳ ತೊಡೆಯ ಮೇಲೆ ಬೋಳು ತಲೆ ಇಟ್ಟಳು. ಕೂಡಲೇ ಎಲುಬಿನಲ್ಲಿ ಸಣ್ಣಗೆ ಒಂದು ನೋವು ಹೊರಳಿತು. ಈ ಹೊತ್ತಿನದೇ ನೋವು. ಅವಳು ನರಳಿದಳು. ಪಂಪಿ ಬೆಚ್ಚಲಿಲ್ಲ, ಬೆನ್ನು ನೀವಿದಳು.

ಆಗ ಬೀದಿಯ ಕೊನೆಯಲ್ಲಿ ಕಂಪನಿಯ ಜೀಪು ಧೂಳೆಬ್ಬಿಸುತ್ತಾ ಬಂತು. ಒಳಗೆ ತ್ರಿವಿಕ್ರಮ, ಜೊತೆಗೆ ಇಬ್ಬರು ಪೊಲೀಸರು.

“ನಾನಿ, ಯವ್ವನ ತಲಿ ಹಿಡ್ಕ,” ಎಂದು ಪಂಪಿ ಮುದುಕಿಯನ್ನು ಕರೆದಳು.

ಖಾಜಾಬಿ ಬಂದು ಒಂದೇ ಕೈಯಲ್ಲಿ ಹಿಡಿದುಕೊಂಡಳು. ಹುಬ್ಬಿನ ಮೇಲೆ ಕಲೆಯಿದ್ದ ಆ ಹುಡುಗಿ ಎದ್ದು ಬೀದಿಯ ನಡುವೆ ಹೋಗಿ ಕಾಲು ಅಗಲಿಸಿ ನಿಂತಳು. ಎರಡೂ ತೋಳು ಚಾಚಿ, ಅಂಗೈ ನೆಲಕ್ಕೆ ಮಾಡಿ, ಅಡ್ಡಡ್ಡ ಬೀಸಿದಳು.

ಬಯಲಿನಿಂದ ಮಕ್ಕಳು ಒಂದೊಂದಾಗಿ ತಿರುಗಿ ಬಂದು ಅವಳ ಪಕ್ಕದಲ್ಲಿ ಸಾಲಾಗಿ ನಿಂತು ತೋಳು ಚಾಚಿದವು.

ಜೀಪು ನಿಂತಿತು.